ಎರಡು ಮುಕ್ಕಾಲು ಕೆಜಿ

ಪರದೆಯ ಮೇಲೆ ಕಾಣುವ ಯಾವ ವಸ್ತುವಿಗೂ ತೂಕವಿರುವುದಿಲ್ಲ. ಕಬ್ಬಿಣದ ತವೆಯನ್ನೂ ಬೆರಳಿನಿಂದ ತಳ್ಳಿದರೆ ಮೇಲಕ್ಕೆ ಹೋಗುತ್ತದೆ, ರೇಷ್ಮೆ ರುಮಾಲೂ ಹೋಗುತ್ತದೆ. ಗಂಗಾವತಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಕಾರ್ಡು ಇಲ್ಲದವರಿಗೆ, ಇಂಗ್ಲಿಷ್ ಪುಟ ನೋಡಿದರೆ ಗಾಬರಿಯಾಗುವವರಿಗೆ ಆನ್‌ಲೈನ್ ಸಾಮಾನು ತರಿಸಿಕೊಡುವುದು ನನ್ನ ಕೆಲಸ. ಹೊರದೇಶದ ಸಾಮಾನಾದರೆ ಅದು ಮೊದಲು ಮುಂಬೈಯ ಒಬ್ಬ ಸಾಗಣೆದಾರನ ಗೋದಾಮಿಗೆ ಬಂದು, ಅಲ್ಲಿಂದ ನಮ್ಮೂರಿಗೆ ಬರಬೇಕು. ಅವನು ಅರ್ಧ ಕೆಜಿ, ಅರ್ಧ ಕೆಜಿ ಲೆಕ್ಕದಲ್ಲಿ ಬಾಡಿಗೆ ಹಾಕುತ್ತಾನೆ. ನನ್ನ ಗಿರಾಕಿಗಳೋ, ಆರ್ಡರ್ ಹಾಕುವ ಮೊದಲೇ "ಎಲ್ಲಾ ಸೇರಿ ಎಷ್ಟಾಗ್ತೈತಿ, ಒಂದ ಮಾತು ಹೇಳಿಬಿಡ್ರಿ ಅಕ್ಕಾರ" ಎಂದು ಕೂಡುವವರು. ಕಂಡಿಲ್ಲದ, ಮುಟ್ಟಿಲ್ಲದ ವಸ್ತುವಿನ ತೂಕವನ್ನು ನಾನು ಮುಂಚೆಯೇ ಹೇಳಬೇಕಿತ್ತು.

ಅದಕ್ಕೊಂದು ಕ್ರಮ ಮಾಡಿಕೊಂಡಿದ್ದೆ. ಪುಟದ ಅಡಿಯಲ್ಲಿ ಬರೆದ ತೂಕ ಬರಿ ವಸ್ತುವಿನದೋ, ಡಬ್ಬಿ ಸೇರಿಸಿ ಬರೆದದ್ದೋ ಎಂದು ಮೊದಲು ನೋಡುವುದು. ಆಮೇಲೆ ಡಬ್ಬಿಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಐದು ಸಾವಿರದಿಂದ ಭಾಗಿಸುವುದು. ಅದು ಜಾಗದ ತೂಕ. ನಿಜವಾದ ತೂಕ, ಜಾಗದ ತೂಕ ಎರಡರಲ್ಲಿ ಯಾವುದು ದೊಡ್ಡದೋ ಅದಕ್ಕೆ ಬಾಡಿಗೆ. "ಡಬ್ಬಿಗೂ ತೂಕ ಐತ್ರಿ, ಸುತ್ತಿದ ಕಾಗದಕ್ಕೂ ತೂಕ ಐತ್ರಿ, ಅದನ್ನೆಲ್ಲ ಯಾರೂ ಪುಕ್ಕಟೆ ಹೊತ್ತು ತರೂದಿಲ್ಲ" ಎಂದು ದಿನಕ್ಕೆ ಹತ್ತು ಮಂದಿಗೆ ಪಾಠ ಹೇಳುತ್ತಿದ್ದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನೇ ಮರೆತೆ.

ಇಷ್ಟು ಮಾಡಿದರೂ ತಪ್ಪುತ್ತಿತ್ತು. ಸಾಣಾಪುರದಲ್ಲಿ ವಸತಿಗೃಹ ಇಟ್ಟವನೊಬ್ಬ ಬಂಡೆ ಹತ್ತುವವರಿಗೆಂದು ನಾಲ್ಕು ಜೊತೆ ರಬ್ಬರ್ ಬೂಟು ತರಿಸಿದ. ನಾನು ಹೇಳಿದ್ದು ಎರಡು ಕೆಜಿ, ಬಂದದ್ದು ಮೂರೂವರೆ. "ನಿಮ್ಮ ನಾಲಿಗಿಗೆ ಬುಡ ಇಲ್ಲೇನ್ರಿ" ಎಂದು ನಾಲ್ಕು ಜನರ ಮುಂದೆ ಕೇಳಿದ. ಸಿಟ್ಟು ಬಂದಿತ್ತು, ಆದರೆ ತಪ್ಪು ನನ್ನದೇ ಆಗಿತ್ತು.

ಆಗ ನನ್ನ ನೆರವಿಗೆ ಬಂದವರು ಚಾಚಾ. ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ಚೀಲ ಹೊತ್ತ ಹಮಾಲರು. ಅವರ ಹೆಂಡತಿ, ಓಣಿಗೆಲ್ಲ ಚಾಚಿ, ನನ್ನ ಪಕ್ಕದ ಮಳಿಗೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದರು. ಬೆನ್ನು ಸೋತ ಮೇಲೆ ಚಾಚಾ ಗಿರಣಿ ಬಿಟ್ಟು, ನನ್ನ ಪಾರ್ಸಲ್‌ಗಳನ್ನು ಬಸ್ ನಿಲ್ದಾಣದಿಂದ ತಂದು ಕೊಡುತ್ತಿದ್ದರು. ಉಳಿದ ಹೊತ್ತು ನನ್ನ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಪಾರ್ಸಲ್ ಇಳಿಸುವಾಗ "ಮೂರು ಕೆಜಿ ಒಂದು ನೂರು, ಬೇಟಿ" ಎನ್ನುವರು. ತಕ್ಕಡಿಯ ಮೇಲಿಟ್ಟರೆ ಮೂರು ಕೆಜಿ ನೂರು ಗ್ರಾಂ ತೋರಿಸುತ್ತಿತ್ತು. ಮೂವತ್ತು ವರ್ಷದ ರೂಢಿ ಎಂದುಕೊಂಡು ನಾನು ಅದಕ್ಕೆ ಅಷ್ಟು ಮಹತ್ವ ಕೊಡಲಿಲ್ಲ.

ಒಂದು ಮಧ್ಯಾಹ್ನ ಹೋಟೆಲಿನ ಅಡುಗೆಯವನಿಗೆಂದು ಖೀಮಾ ಅರೆಯುವ ಯಂತ್ರವೊಂದನ್ನು ನೋಡುತ್ತಿದ್ದೆ. ತೂಕ ಬರೆದಿರಲಿಲ್ಲ. ಚಾಚಾ ಕಿಟಕಿಯಿಂದ ಇಣುಕಿದರು.

"ಏನದು? ಬೀಡು ಕಬ್ಬಿಣೇನು?"

"ಹೌದ್ರಿ ಚಾಚಾ."

"ಹಿಡಿಕಿ ಕಟಗೀದಾ? ಉದ್ದ ಎಷ್ಟ?"

ಹೇಳಿದೆ. ಅವರು ಕಣ್ಣು ಮುಚ್ಚಿ ಎರಡೂ ಕೈ ಮುಂದೆ ಚಾಚಿದರು. ಯಾರೋ ಮೇಲಿಂದ ಏನನ್ನೋ ಇಟ್ಟಂತೆ ಆ ಬರಿಗೈಗಳು ಕೆಳಕ್ಕೆ ಕುಸಿದವು. ಮುಂಗೈ ನರ ಉಬ್ಬಿದವು. ಹಾಗೇ ನಿಧಾನ ಎತ್ತಿ, ಒಂದು ಕ್ಷಣ ಹಿಡಿದು, "ನಾಲ್ಕು ಕೆಜಿ ಇನ್ನೂರು" ಎಂದು ಕೆಳಗಿಟ್ಟರು. ಇಡಲು ಅಲ್ಲಿ ಏನೂ ಇರಲಿಲ್ಲ. ತಿಂಗಳ ಮೇಲೆ ಯಂತ್ರ ಬಂತು. ನಾಲ್ಕು ಕೆಜಿ ಇನ್ನೂರೈವತ್ತು.

ಅಂದಿನಿಂದ ನನ್ನ ಕ್ರಮಕ್ಕೆ ಇನ್ನೊಂದು ಹಂತ ಸೇರಿತು. ಒಂದು ನೋಟುಬುಕ್ಕಿನಲ್ಲಿ ಗೆರೆ ಹಾಕಿ, ವಸ್ತು, ಚಾಚಾ ಹೇಳಿದ್ದು, ನಿಜವಾಗಿ ಬಂದದ್ದು, ವ್ಯತ್ಯಾಸ ಎಂದು ಬರೆಯತೊಡಗಿದೆ. ವ್ಯತ್ಯಾಸ ಐವತ್ತು ಗ್ರಾಂ ದಾಟುತ್ತಿರಲಿಲ್ಲ. ಬರಿಗೈ ಭಾರಕ್ಕೆ ಬಗ್ಗುವುದನ್ನು ಎಷ್ಟು ಸಲ ಕಂಡರೂ ನನಗೆ ಅಭ್ಯಾಸವಾಗಲಿಲ್ಲ. ಗಿರಾಕಿಗಳೂ ಆ ಹೊತ್ತಿಗೆ ಮಾತು ನಿಲ್ಲಿಸಿ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಮರುವರ್ಷ ಚಾಚಾ ಒಂದು ಮೊಳೆ ತುಳಿದರು. ಸಕ್ಕರೆ ಕಾಯಿಲೆ ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ, ಅವರಿಗೂ. ಗಾಯ ಕಪ್ಪಾಯಿತು, ಪಾದ ಊದಿತು, ಊರಿಂದೂರಿಗೆ ಆಸ್ಪತ್ರೆ ತಿರುಗಿದ್ದಾಯಿತು. ಕೊನೆಗೆ ಎಡಗಾಲನ್ನು ಮೊಣಕಾಲಿನ ಕೆಳಗೆ ಒಂದು ಗೇಣು ಬಿಟ್ಟು ತೆಗೆದರು. ಎರಡು ತಿಂಗಳು ಕಟ್ಟೆ ಖಾಲಿ ಇತ್ತು.

ತಿರುಗಿ ಬಂದವರು ಊರುಗೋಲನ್ನು ಗೋಡೆಗೆ ಒರಗಿಸಿ, ಕಟ್ಟೆಯ ಮೇಲೆ ತಮ್ಮ ಜಾಗದಲ್ಲೇ ಕೂತರು. ಲುಂಗಿಯ ಎಡಭಾಗ ಚಪ್ಪಟೆಯಾಗಿ ಜೋಲುತ್ತಿತ್ತು. ನಾನು ಅತ್ತ ನೋಡದಿರಲು ಹೆಣಗುತ್ತಿದ್ದೆ. "ಏನರ ಕೆಲಸ ಕೊಡು ಬೇಟಿ, ಕುಂತು ಕುಂತು ತಲಿ ಕೆಟ್ಟೈತಿ" ಎಂದರು. ಕುಷ್ಟಗಿಯ ಮಾಸ್ತರರೊಬ್ಬರು ಸಾಲೆಯ ಮಕ್ಕಳಿಗೆ ಚುಕ್ಕೆ ತೋರಿಸಲು ದುರ್ಬೀನು ಕೇಳಿದ್ದರು. ಅದರ ಚಿತ್ರ ತೋರಿಸಿದೆ. ಚಾಚಾ ಕಣ್ಣು ಮುಚ್ಚಿದರು. ಕೈಗಳು ಎಂದಿಗಿಂತ ಬಹಳ ಕೆಳಗೆ ಇಳಿದವು.

"ಮೂರೂವರೆ ಕೆಜಿ."

ದುರ್ಬೀನು ಮುಕ್ಕಾಲು ಕೆಜಿ ಮೇಲೆ ಹತ್ತು ಗ್ರಾಂ ಎಂದು ಪುಟದಲ್ಲೇ ಇತ್ತು. ದಣಿದಿದ್ದಾರೆ ಎಂದುಕೊಂಡೆ. ಮಾರನೆಯ ದಿನ ಯಲಬುರ್ಗಾದ ಅಜ್ಜಿಯೊಬ್ಬಳು ಮೊಮ್ಮಗುವಿಗೆ ಪೀಪಿ ಊದುವ ಚಪ್ಪಲಿ ಬೇಕೆಂದಳು. ಚಾಚಾ ಅಂಗೈ ತುಂಬುವಷ್ಟೂ ಇಲ್ಲದ ಚಿತ್ರದ ಆ ಚಪ್ಪಲಿಯನ್ನು ಎರಡೂ ಕೈಯಲ್ಲಿ ಹಿಡಿದಂತೆ ಮಾಡಿ "ಎರಡು ಕೆಜಿ ಒಂಬೈನೂರು" ಎಂದರು. ಅಜ್ಜಿ ನಕ್ಕಳು. "ಕೂಸು ನಡಿಯೂದು ಹೆಂಗಪಾ ಮತ್ತ?" ಚಾಚಾ ನಗಲಿಲ್ಲ. ಅವರ ಹಣೆ ಬೆವತಿತ್ತು.

ಚಿತ್ರ ಬಿಟ್ಟು ನಿಜವಾದ ಪಾರ್ಸಲ್‌ಗಳನ್ನೇ ಅವರ ಕೈಗಿಟ್ಟು ನೋಡಿದೆವು. ಅವರು ನಾಲ್ಕು ಎಂದರೆ ತಕ್ಕಡಿ ಒಂದೂಕಾಲು ತೋರಿಸಿತು. "ನಿನ್ನ ತಕ್ಕಡಿ ಕೆಟ್ಟೈತಿ" ಎಂದರು. ಸರ್ಕಾರಿ ಮುದ್ರೆಯ ತೂಕದ ಬಟ್ಟು ತರಿಸಿ ಅವರ ಎದುರೇ ಪರೀಕ್ಷೆ ಮಾಡಿದೆ. ತಕ್ಕಡಿ ಸರಿ ಇತ್ತು. ಅವರು ಊರುಗೋಲು ತೆಗೆದುಕೊಂಡು ಮನೆಗೆ ಹೋದರು. ಮೈಯಲ್ಲಿ ಬಲ ಹೋದರೂ ಕೈಯಲ್ಲಿ ತೂಕ ಉಳಿದಿದೆ ಎಂಬ ಒಂದು ಧೈರ್ಯದ ಮೇಲೆ ಆ ಮನುಷ್ಯ ಬದುಕಿದ್ದರು, ಅದೂ ಹೋಯಿತಲ್ಲ ಎಂದು ನನಗೆ ಬಹಳ ಸಂಕಟವಾಯಿತು. ಮನೆಯಲ್ಲಿ ನೀರಿನ ಲೋಟವನ್ನೂ ಎರಡು ಕೈಯಿಂದ ಎತ್ತುತ್ತಾರೆ ಎಂದು ಚಾಚಿ ಹೇಳಿದರು.

ಆ ಮಧ್ಯಾಹ್ನ ನೋಟುಬುಕ್ಕು ತೆಗೆದು ಕೂತೆ. ಹೊಸ ಪುಟದ ವ್ಯತ್ಯಾಸದ ಕಾಲಂ ಓದಿದೆ. ಎರಡು ಕೆಜಿ ಏಳುನೂರ ನಲವತ್ತು. ಏಳುನೂರೈವತ್ತು. ಏಳುನೂರೈವತ್ತು. ಏಳುನೂರ ಅರವತ್ತು. ಮತ್ತೆ ಏಳುನೂರೈವತ್ತು. ಚಪ್ಪಲಿಗೂ ಅಷ್ಟೇ, ಕುಕ್ಕರಿಗೂ ಅಷ್ಟೇ. ಹೊರಗೆ ಬಿಸಿಲು ಸುಡುತ್ತಿತ್ತು, ಓಣಿಯಲ್ಲಿ ನಾಯಿ ಕೂಡ ಇರಲಿಲ್ಲ. ಕಾಲಮನ್ನು ಮತ್ತೊಮ್ಮೆ ಮೇಲಿನಿಂದ ಓದಿದೆ. ಲೆಕ್ಕ ತಪ್ಪಿದ ಮನುಷ್ಯ ಒಮ್ಮೆ ಹೆಚ್ಚು ಹೇಳುತ್ತಾನೆ, ಒಮ್ಮೆ ಕಡಿಮೆ ಹೇಳುತ್ತಾನೆ. ಇವರ ಕೈಗಳು ಪ್ರತಿಸಲವೂ ಅದೇ ಎರಡು ಮುಕ್ಕಾಲು ಕೆಜಿಯನ್ನು ಸೇರಿಸಿ ಹೊರುತ್ತಿದ್ದವು.

ಮರುದಿನ ನಾನು ಮಾಡಬಾರದ ಕೆಲಸ ಮಾಡಿದೆ. ಚಾಚಾ ಕಟ್ಟೆಯ ಮೇಲೆ ಕೂತಿದ್ದಾಗ, "ಕಣ್ಣ ಮುಚ್ಚರಿ, ಕೈ ಮುಂದ ಮಾಡ್ರಿ. ಒಂದು ಸಾಮಾನು ಇಡ್ತೀನಿ, ತೂಕ ಹೇಳ್ರಿ" ಎಂದೆ. ಕಣ್ಣು ಮುಚ್ಚಿದರು, ಕೈ ಚಾಚಿದರು. ನಾನು ಏನನ್ನೂ ಇಡಲಿಲ್ಲ. ಎದುರಿಗೆ ನಿಂತೆ.

ಕೈಗಳು ನಿಧಾನವಾಗಿ ಇಳಿದವು.

"ಎರಡು ಮುಕ್ಕಾಲು" ಎಂದರು. "ಮೆತ್ತಗೈತಿ. ಏನಿಟ್ಟಿ ಬೇಟಿ?"

ಅಕ್ಕಿ ಗಂಟು ಎಂದು ಸುಳ್ಳು ಹೇಳಿ, ಎತ್ತಿಕೊಂಡಂತೆ ನಟಿಸಿದ್ದರೆ ಮುಗಿಯುತ್ತಿತ್ತು. ನಾನು ಹಾಗೆ ಮಾಡಲಿಲ್ಲ. ಚಾಚಾ ಕಣ್ಣು ತೆರೆದರು. ಖಾಲಿ ಅಂಗೈಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವುಗಳನ್ನು ಹಾಗೇ, ಏನೂ ಬೀಳದಂತೆ, ಎದೆಯ ಹತ್ತಿರ ತಂದುಕೊಂಡರು.

"ಹಂಗಾರ ಅದು ಮಣ್ಣಾಗ ಇಲ್ಲ" ಎಂದರು. "ಇಲ್ಲೇ ಐತಿ."

ಅವರು ಯಾವುದರ ಮಾತಾಡಿದರೆಂದು ನನಗೆ ತಿಳಿದದ್ದು ಚಾಚಿ ಹೇಳಿದ ಮೇಲೆ. ಮೈಯ ಯಾವ ಭಾಗ ತೆಗೆದರೂ ಅದನ್ನು ಬಿಸಾಡುವ ಹಾಗಿಲ್ಲ, ಮಣ್ಣಿಗೆ ಕೊಡಬೇಕು ಎಂಬುದು ಅವರ ಪದ್ಧತಿ. ಆಸ್ಪತ್ರೆಯವರು ಕಾಲನ್ನು ಕೊಟ್ಟರು. ಚಾಚಿ ತಮ್ಮ ಅಂಗಡಿಯ ಬಿಳಿ ಬಟ್ಟೆಯಲ್ಲಿ ಸುತ್ತಿದರು. ದಾರಿಯಲ್ಲಿ ಬಟ್ಟೆಗೆ ರಕ್ತ ಹತ್ತಿತು.

"ಕಲಿ ಇದ್ದ ಬಟ್ಟ್ಯಾಗ ಹೆಂಗ ಕಳಸೂದವ್ವ? ಖಬರಸ್ತಾನದ ನಳದಾಗ ತೊಳದು ಹಿಂಡಿದೆ. ಒಣಗಸಾಕ ಹೊತ್ತಿರಲಿಲ್ಲ. ಒದ್ದೀದ ಸುತ್ತಿ ಕೊಟ್ಟೆ" ಎಂದರು ಚಾಚಿ. ಹೊಲಿಗೆ ಯಂತ್ರದ ಚಕ್ರದ ಮೇಲೆ ಅವರ ಕೈ ಸುಮ್ಮನೆ ಇತ್ತು. "ಇವರು ಹಟಾ ಮಾಡಿ ರಿಕ್ಷಾದಾಗ ಬಂದಿದ್ರು. ಕುಣಿಗೆ ಇಳಸೂಮುಂದ ನನ್ನ ಕೈಯಾಗ ಕೊಡ್ರಿ ಅಂದ್ರು. ಎರಡೂ ಕೈಲಿ ತಗೊಂಡ್ರು. ಅಳಲಿಲ್ಲ. ಎರಡು ಮುಕ್ಕಾಲು ಕೆಜಿ ಅಂದ್ರು. ಅಷ್ಟ ಅಂದು ಕೊಟ್ಟುಬಿಟ್ರು."

ನಾನು ನೋಟುಬುಕ್ಕನ್ನು ಸೆರಗಿನ ಕೆಳಗೆ ಮುಚ್ಚಿಟ್ಟುಕೊಂಡೆ.

ಈಗ ಚಾಚಾಗೆ ಒಂದೇ ಹಟ. ಕುಣಿ ತೆಗೆದು ನೋಡಬೇಕು. ಕಾಲು ಅಲ್ಲಿ ಇದ್ದರೆ ತಮ್ಮ ಕೈ ಸುಳ್ಳು, ಇಲ್ಲದಿದ್ದರೆ ಕೈ ನಿಜ. ಕುಣಿ ತೋಡುವವನ ಜೊತೆ ಮಾತಾಡಿಯೂ ಆಗಿತ್ತು. ಮುಚ್ಚಿದ ಮಣ್ಣು ತೆಗೆಯುವುದು ದೊಡ್ಡ ತಪ್ಪು, ಜನ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಚಾಚಿ ಅತ್ತರು. ನನಗೆ ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇತ್ತು. ಅಷ್ಟು ತಿಂಗಳ ಮೇಲೆ ಆ ಮಣ್ಣಿನಲ್ಲಿ ಕಂಡದ್ದನ್ನು ಕಂಡು ಚಾಚಾರ ಬುದ್ಧಿ ಮರಳಿ ನಿಲ್ಲುವುದಿಲ್ಲ ಎನಿಸಿತ್ತು. ಆ ಹುಳವನ್ನು ಅವರ ತಲೆಗೆ ಬಿಟ್ಟವಳು ನಾನೇ. ಅದನ್ನು ತೆಗೆಯುವುದೂ ನನ್ನ ಪಾಲಿಗೇ ಬಿತ್ತು.

ಹುಬ್ಬಳ್ಳಿಯಲ್ಲಿ ಕೃತಕ ಕಾಲು ಕೂಡಿಸುವ ಕುಶಲಕರ್ಮಿಯೊಬ್ಬ ಚಾಚಾರ ಮೊಣಕಾಲಿಗೆ ತೊಡಿಸುವ ಬಟ್ಟಲಿನ ಅಳತೆ ಆಗಲೇ ತೆಗೆದುಕೊಂಡಿದ್ದ. ಕೆಳಗಿನ ಕೊಳವೆ, ಪಾದ, ಜೋಡಿಸುವ ತುಂಡುಗಳು ಬೇರೆ ಬರಬೇಕು. ಅವನು ಫೋನಿನಲ್ಲಿ "ಈಗ ಭಾಳ ಹಗುರದ್ದು ಬಂದಾವ್ರಿ. ಹಗುರ ಇದ್ದಷ್ಟೂ ಛಲೋ" ಎಂದ.

"ಹಗುರ ಬ್ಯಾಡ್ರಿ" ಎಂದೆ. "ಹೋದ ಕಾಲಿನಷ್ಟ ತೂಕ ಬೇಕು."

"ಯಾರೂ ಹಂಗ ಕೇಳೂದಿಲ್ಲರಿ ಮೇಡಂ."

"ಇವರು ಕೇಳ್ತಾರ."

ಅಷ್ಟೇ ತೂಕ ಕಾಲಿನ ಜಾಗಕ್ಕೆ ಬಂದರೆ ಕೈಗಳು ಹೊತ್ತದ್ದನ್ನು ಇಳಿಸುತ್ತವೆ ಎಂಬುದು ನನ್ನ ಎಣಿಕೆ. ಫೋನ್ ಇಟ್ಟ ಮೇಲೆ ಲೆಕ್ಕಕ್ಕೆ ಕೂತೆ. ಎರಡು ಮುಕ್ಕಾಲು ಎಂಬುದು ಬಟ್ಟೆ ಸಹಿತ ತೂಕ. ಚಾಚಿಯ ಹತ್ತಿರ ಅದೇ ಥಾನಿನ ಅಷ್ಟೇ ಉದ್ದದ ಬಟ್ಟೆ ಕತ್ತರಿಸಿಕೊಂಡೆ. ಒಣಗಿದ್ದಾಗ ನೂರೈವತ್ತು ಗ್ರಾಂ. ನೆನೆಸಿ, ಚಾಚಿಯ ಕೈಯಿಂದಲೇ ಹಿಂಡಿಸಿ ತೂಗಿದೆ. ನಾಲ್ಕುನೂರು. ಎರಡನ್ನೂ ಪುಟದ ಮೂಲೆಯಲ್ಲಿ ಬರೆದಿಟ್ಟೆ. ಬಟ್ಟೆ ಕಳೆದರೆ ಕಾಲು ಎರಡು ಕೆಜಿ ಮುನ್ನೂರೈವತ್ತು. ಬಟ್ಟಲು, ಅದರ ಪಟ್ಟಿ ಸೇರಿ ಒಂಬೈನೂರೈವತ್ತು. ಚಾಚಾರ ಎಡಗಾಲಿನ ಬೂಟು ಮುನ್ನೂರೈವತ್ತು. ಉಳಿದ ಸಾಮಾನೆಲ್ಲ ಸೇರಿ ಒಂದು ಕೆಜಿ ಐವತ್ತು ಬರಬೇಕು.

ಹಳೆಯ ನಮೂನೆಯ ಉಕ್ಕಿನ ಕೊಳವೆ ಇಟ್ಟಿದ್ದ ಒಬ್ಬ ಮಾರಾಟಗಾರ ಹೊರದೇಶದ ಪುಟವೊಂದರಲ್ಲಿ ಸಿಕ್ಕ. ಅಲ್ಲಿ ಬರೆದದ್ದು ಡಬ್ಬಿ ಸಹಿತ ಸಾಗಣೆ ತೂಕ, ಎರಡೂವರೆ ಕೆಜಿ. ನಲವತ್ತು, ಇಪ್ಪತ್ತು, ಹದಿನೈದು ಸೆಂಟಿಮೀಟರಿನ ಡಬ್ಬಿ. ಗುಣಿಸಿ ಭಾಗಿಸಿದರೆ ಎರಡು ಕೆಜಿ ನಾಲ್ಕುನೂರು, ಅರ್ಧ ಕೆಜಿ ಲೆಕ್ಕಕ್ಕೆ ಏರಿಸಿದರೆ ಎರಡೂವರೆ. ಅಂದರೆ ಅವನು ಬರೆದದ್ದು ಜಾಗದ ತೂಕ. ಒಳಗಿನದು ಎಷ್ಟೋ ದೇವರೇ ಬಲ್ಲ. ಪತ್ರ ಬರೆದೆ, ಉತ್ತರ ಬರಲಿಲ್ಲ. ಕೊಳವೆಯನ್ನು ಲೆಕ್ಕ ಹಾಕಬಹುದಿತ್ತು. ಸುತ್ತಳತೆ, ದಪ್ಪ, ಉದ್ದ ಕೊಟ್ಟಿದ್ದ. ಉಕ್ಕು ಎಷ್ಟು ಭಾರ ಎಂಬುದು ಪುಸ್ತಕದಲ್ಲಿದೆ. ಇನ್ನೂರ ಎಪ್ಪತ್ತೈದು ಗ್ರಾಂ ಬಂತು. ಜೋಡಿಸುವ ತುಂಡುಗಳು ಎರಡು, ಒಂದೊಂದು ನೂರಹತ್ತು. ಗೊತ್ತಾಗದೆ ಉಳಿದದ್ದು ಪಾದ. ಹೊರಗೆ ರಬ್ಬರು, ಒಳಗೆ ಕಟ್ಟಿಗೆ, ಎಷ್ಟು ರಬ್ಬರು ಎಷ್ಟು ಕಟ್ಟಿಗೆ ಎಂದು ಚಿತ್ರದಿಂದ ತಿಳಿಯುವ ಹಾಗಿಲ್ಲ.

ಅಂಗಡಿಯಲ್ಲಿ ಯಾರೂ ಇಲ್ಲದಾಗ ಕದ ಅರ್ಧ ಮುಚ್ಚಿ ನಾನೇ ಪ್ರಯತ್ನಿಸಿದೆ. ಚಿತ್ರವನ್ನು ನೋಡಿ, ಕಣ್ಣು ಮುಚ್ಚಿ, ಎರಡೂ ಕೈ ಚಾಚಿದೆ. ತೂಕವೇನೂ ತಿಳಿಯಲಿಲ್ಲ. ಅಂಗೈ ಮಾತ್ರ ಒದ್ದೆ ಎನಿಸಿತು. ಕಣ್ಣು ಬಿಟ್ಟು ಸೀರೆಗೆ ಒರೆಸಿಕೊಂಡೆ. ಬೆವರು ಎಂದು ನನಗೆ ನಾನೇ ಹೇಳಿಕೊಂಡೆ, ಆದರೆ ಆಮೇಲೆ ಕದ ಪೂರ್ತಿ ತೆರೆದು ಹೊರಗೆ ಬಂದು ನಿಂತೆ.

ಆಗ ಹೊಳೆದದ್ದು ಗಿರಣಿಯ ತೂಕದವರ ಒಂದು ಮಾತು. ದಿನಕ್ಕೊಂದು ತಪ್ಪು ತೋರಿಸುವ ತಕ್ಕಡಿಯನ್ನು ಒಡೆದು ಹಾಕು, ಯಾವಾಗಲೂ ಒಂದೇ ತಪ್ಪು ತೋರಿಸುವ ತಕ್ಕಡಿಯನ್ನು ಇಟ್ಟುಕೋ, ಅದು ಸರಿಯಾದ ತಕ್ಕಡಿಯೇ ಎಂದು ಅವರು ಹೇಳುತ್ತಾರೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ನನ್ನ ತಕ್ಕಡಿ ಕಟ್ಟೆಯ ಮೇಲೇ ಕೂತಿತ್ತು. ಚಾಚಾರನ್ನು ಒಳಗೆ ಕರೆದು, ಮುಚ್ಚುಮರೆ ಮಾಡದೆ ಪಾದದ ಚಿತ್ರ ತೋರಿಸಿದೆ.

"ಇದು ನಿಮಗ ಚಾಚಾ. ತೂಕ ಹೇಳ್ರಿ."

ಅವರು ಬಹಳ ಹೊತ್ತು ಚಿತ್ರ ನೋಡಿದರು. ರಬ್ಬರೋ ಮತ್ತೊಂದೋ ಎಂದು ಕೇಳಲಿಲ್ಲ. ಕೈ ಚಾಚಿದರು, ಕೈ ಇಳಿದವು.

"ಮೂರು ಕೆಜಿ ಮುನ್ನೂರು. ನನ್ನ ಮಾತು ಯಾಕ ಕೇಳ್ತಿ, ನನ್ನ ಕೈ ಕೆಟ್ಟಾವ."

ನಾನು ಎರಡು ಮುಕ್ಕಾಲು ಕಳೆದೆ. ಐನೂರೈವತ್ತು. ಕೊಳವೆ, ತುಂಡು, ಪಾದ ಕೂಡಿಸಿದರೆ ಒಂದು ಕೆಜಿ ನಲವತ್ತೈದು. ಬೇಕಾದದ್ದು ಒಂದು ಕೆಜಿ ಐವತ್ತು. ಅವರ ಎದುರಿಗೇ ಆರ್ಡರ್ ಹಾಕಿದೆ.

"ಇದು ಬರೂತನಕ ಅಗಿಬ್ಯಾಡ್ರಿ ಚಾಚಾ. ಬಂದ ಮ್ಯಾಲ ನಿಮ್ಮ ಮನಸು."

"ಎಷ್ಟ ದಿನ?"

"ಇಪ್ಪತ್ತೆಂಟು."

ಗಿರಣಿಯಲ್ಲಿ ಹಮಾಲ ಒಂದೊಂದು ಚೀಲ ಇಳಿಸಿದಾಗಲೂ ಅವನ ಕೈಗೆ ಒಂದೊಂದು ಕಡ್ಡಿ ಕೊಡುತ್ತಾರೆ, ಕಡ್ಡಿ ಎಣಿಸಿದರೆ ಚೀಲದ ಲೆಕ್ಕ. ಚಾಚಾ ಚಾಚಿಯ ಕಸಬರಿಗೆಯಿಂದ ಇಪ್ಪತ್ತೆಂಟು ಕಡ್ಡಿ ಮುರಿದು ಅಂಗಿಯ ಜೇಬಿಗೆ ಹಾಕಿಕೊಂಡರು. ದಿನಾ ಬೆಳಿಗ್ಗೆ ಕಟ್ಟೆಗೆ ಬಂದು ಒಂದು ಕಡ್ಡಿ ನನ್ನ ಮೇಜಿನ ಮೇಲೆ ಇಟ್ಟು ಕೂಡುತ್ತಿದ್ದರು. ಎರಡೂ ಕೈ ಮಡಿಲಲ್ಲಿ, ಏನನ್ನೋ ಕಾಯುವವರಂತೆ.

ಇಪ್ಪತ್ತನೆಯ ಕಡ್ಡಿಯ ಹೊತ್ತಿಗೆ ಮುಂಬೈಯಿಂದ ಸುದ್ದಿ ಬಂತು. ಪಾರ್ಸಲ್ ಬಂದಿದೆ, ಆದರೆ ಅದು ಅಂಗವೈಕಲ್ಯದ ಸಾಮಾನು, ವೈದ್ಯರ ಪತ್ರ ಬೇಕು. ತೂಕ ಮೂರು ಕೆಜಿ ಇನ್ನೂರು. ಅಷ್ಟು ಭಾರದ್ದಾದರೆ ಎಲ್ಲವೂ ಹಾಳು. ಪತ್ರ ಕಳಿಸಿ, ಡಬ್ಬಿಯ ಅಳತೆ ಕೇಳಿದೆ. ಮಾರಾಟಗಾರ ಇನ್ನೂ ದೊಡ್ಡ ಡಬ್ಬಿಯಲ್ಲಿ ಹಾಕಿ ಗಾಳಿ ತುಂಬಿದ ಚೀಲ ತುರುಕಿದ್ದ. ಮೂರು ಕೆಜಿ ಇನ್ನೂರು ಎಂಬುದು ಜಾಗದ ತೂಕ. ಗಾಳಿಗೆ ಬಾಡಿಗೆ ಕಟ್ಟುವುದು ನನಗೆ ಹೊಸದಲ್ಲ, ಆದರೆ ಹಾಗೆ ಸಂತೋಷದಿಂದ ಕಟ್ಟಿದ್ದು ಅದೊಂದೇ ಸಲ.

ಇಪ್ಪತ್ತೆಂಟು ಕಡ್ಡಿ ಮುಗಿದವು. ಮರುದಿನ ಚಾಚಾ ಖಾಲಿ ಜೇಬನ್ನು ಹೊರಗೆಳೆದು ತೋರಿಸಿದರು. "ಕಡ್ಡಿ ಮುಗದಾವ ಬೇಟಿ. ನಾಳಿ ಬರ್ತೀನಂತ ಕುಣಿ ತೋಡೂವನಿಗೆ ಹೇಳೀನಿ." ನಾನು ಪರದೆ ತಿರುಗಿಸಿ, ಪಾರ್ಸಲ್ ಮುಂಬೈ ಬಿಟ್ಟದ್ದನ್ನು ಓದಿ ಹೇಳಿದೆ. ಮೇಜಿನ ಮೇಲಿದ್ದ ಕಡ್ಡಿಗಳಿಂದ ನಾಲ್ಕನ್ನು ಎತ್ತಿ ಅವರ ಜೇಬಿಗೆ ಹಾಕಿದೆ. ಬೇಡ ಎನ್ನಲಿಲ್ಲ. ಮೂರನೆಯ ಕಡ್ಡಿಯ ದಿನ ಪಾರ್ಸಲ್ ಬಂತು. ಕೊಳವೆ, ತುಂಡು, ಪಾದ, ಮೂರೂ ತಕ್ಕಡಿಯ ಮೇಲೆ. ಒಂದು ಕೆಜಿ ಐವತ್ತೈದು. ನನ್ನ ಜೀವಮಾನದಲ್ಲಿ ಅಷ್ಟು ಹತ್ತಿರದ ಅಂದಾಜು ನಾನು ಮಾಡಿಲ್ಲ. ಮಾಡಿದ್ದು ನಾನಲ್ಲ ಎನ್ನುವುದೂ ಗೊತ್ತಿದೆ.

ಹುಬ್ಬಳ್ಳಿಯವನು ಬಟ್ಟಲು ತಂದು, ನನ್ನ ಅಂಗಡಿಯಲ್ಲೇ ಎಲ್ಲವನ್ನೂ ಕೂಡಿಸಿದ. ಚಾಚಾ ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತರು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಚಾಚಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು. ಕಟ್ಟೆಯವರೆಗೆ ಹೋಗಿ ಬಂದು, ನಿಂತೇ ಇದ್ದು, ಚಾಚಾ ಎರಡೂ ಕೈ ಚಾಚಿದರು. "ಕೊಡು" ಎಂದರು.

ಮೇಜಿನ ಮೇಲೆ ಬಿಚ್ಚದ ಪಾರ್ಸಲ್ ಒಂದಿತ್ತು, ಒಂದು ಕೆಜಿ ಇನ್ನೂರರದು. ಅದನ್ನು ಅವರ ಕೈಗಿಟ್ಟೆ. ಕೈ ಇಳಿದವು, ಆದರೆ ಸ್ವಲ್ಪವೇ.

"ಒಂದು ಕೆಜಿ ಆರುನೂರು."

ನಾಲ್ಕುನೂರು ಗ್ರಾಂ ಉಳಿದಿತ್ತು. ತಕ್ಷಣ ಅರ್ಥವಾಯಿತು. ಊರಿಗೆಲ್ಲ ಸುತ್ತಿದ ಕಾಗದಕ್ಕೂ ತೂಕ ಐತಿ ಎಂದು ಪಾಠ ಹೇಳುವವಳು ನಾನೇ ಬಟ್ಟೆಯನ್ನು ಕಳೆದು ಹಾಕಿದ್ದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಅವರ ಕೈಗಳು ಹೊತ್ತದ್ದು ಸುತ್ತಿದ ಗಂಟನ್ನು. ಒಳಗಿನದನ್ನು ಇಳಿಸಿಕೊಟ್ಟಿದ್ದೆ, ಹೊರಗಿನದನ್ನು ಅವರ ಕೈಯಲ್ಲೇ ಬಿಟ್ಟಿದ್ದೆ. ಇನ್ನು ಕುಣಿ ತೆಗೆಸುವುದು ಖಂಡಿತ ಎಂದುಕೊಂಡೆ.

"ತಕ್ಕಡಿ ಏನಂತೈತಿ?" ಎಂದರು.

ಸುಳ್ಳು ಹೇಳುವ ಧೈರ್ಯ ಬರಲಿಲ್ಲ. "ಒಂದು ಇನ್ನೂರು, ಚಾಚಾ."

ಅವರು ಪಾರ್ಸಲನ್ನು ಕೆಳಗಿಟ್ಟರು. ಬರಿಗೈಗಳನ್ನು ಮತ್ತೆ ಚಾಚಿ, ಕಣ್ಣು ಮುಚ್ಚಿ, ಹೆಬ್ಬೆರಳುಗಳಿಂದ ಏನನ್ನೋ ಸವರಿದರು. ಮುಖ ಸಡಿಲವಾಯಿತು. ಎಷ್ಟೋ ತಿಂಗಳ ಮೇಲೆ ನಾನು ಆ ಮುಖವನ್ನು ಕಂಡೆ.

"ಕಾಲು ಹೋಗೈತಿ" ಎಂದರು. "ಬಟ್ಟಿ ಅಷ್ಟ ಉಳದೈತಿ. ಒದ್ದಿ ಐತಿ." ಚಾಚಿಯ ಕಡೆ ತಿರುಗಿದರು. "ನೀನು ಸರಿ ಹಿಂಡಿಲ್ಲ ನೋಡು."

ಚಾಚಿ ಗೋಡೆ ಹಿಡಿದುಕೊಂಡು ಕೆಳಗೆ ಕೂತುಬಿಟ್ಟರು. ಬಟ್ಟೆಯನ್ನು ನಾನು ನೆನೆಸಿ ತೂಗಿದ ವಿಷಯ ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

"ಮತ್ತ... ಅಗಿಯೂದು?" ಎಂದು ಕೇಳಿದೆ.

"ಯಾಕ ಅಗಿಬೇಕು? ಕಾಲು ಮಣ್ಣಾಗ ಐತಿ. ಇದು ಒಣಗಲಿ."

ಆ ಶುಕ್ರವಾರ ಅವರು ತಮ್ಮ ಎರಡೂ ಕಾಲ ಮೇಲೆ ನಡೆದು ಖಬರಸ್ತಾನಕ್ಕೆ ಹೋಗಿ, ಕುಣಿ ತೋಡುವವನಿಗೆ ಬೇಡವೆಂದು ಹೇಳಿ ಬಂದರು. ನಾನು ದಿನಾ ಮಧ್ಯಾಹ್ನ ಒಂದು ಪಾರ್ಸಲ್ ಅವರ ಕೈಗೆ ಕೊಟ್ಟು, ಹೇಳಿದ್ದನ್ನು ಬರೆದು, ತಕ್ಕಡಿಯಲ್ಲಿ ನೋಡಿ ಕಳೆಯುತ್ತಿದ್ದೆ. ಮೊದಲ ದಿನ ನಾಲ್ಕುನೂರು. ಎರಡನೆಯ ದಿನ ಮುನ್ನೂರ ಐವತ್ತು. ಆಮೇಲೆ ಮುನ್ನೂರ ಹತ್ತು, ಇನ್ನೂರ ಎಂಬತ್ತು. ಮೊದಲು ಬೇಗ ಬೇಗ, ಆಮೇಲೆ ತಡವಾಗಿ, ನೆರಳಿನಲ್ಲಿ ಹರವಿದ ಬಟ್ಟೆ ಆರುವ ಹಾಗೆ. ಒಂದು ದಿನ ಜಿಟಿಜಿಟಿ ಮಳೆ ಹಿಡಿದಾಗ ಅಂಕಿ ಇಳಿಯಲೇ ಇಲ್ಲ. ಮೂರು ವಾರ ಕಳೆಯಿತು. ನೂರ ಎಪ್ಪತ್ತು, ನೂರ ಅರವತ್ತು, ನೂರೈವತ್ತು.

ಅಲ್ಲಿ ನಿಂತಿತು. ಮರುದಿನವೂ ನೂರೈವತ್ತು, ಮರುವಾರವೂ ನೂರೈವತ್ತು. ಸೊನ್ನೆಗೆ ಬರುತ್ತದೆ ಎಂದು ನಾನು ತಿಂಗಳುಗಟ್ಟಲೆ ಕಾದೆ. ಒಂದು ದಿನ ಹಳೆಯ ಪುಟ ತಿರುವುವಾಗ ಮೂಲೆಯಲ್ಲಿ ನನ್ನದೇ ಅಕ್ಷರ ಕಂಡಿತು. ಒಣಗಿದ್ದಾಗ ನೂರೈವತ್ತು ಗ್ರಾಂ. ಆಮೇಲೆ ಕಾಯುವುದನ್ನು ಬಿಟ್ಟೆ.

ಚಾಚಾ ಈಗಲೂ ಕಟ್ಟೆಯ ಮೇಲೆ ಕೂಡುತ್ತಾರೆ. ಅವರು ಕಣ್ಣು ಮುಚ್ಚಿ ಹೇಳಿದ ತೂಕದಿಂದ ನಾನು ನೂರೈವತ್ತು ಗ್ರಾಂ ಕಳೆದು ಗಿರಾಕಿಗೆ ಹೇಳುತ್ತೇನೆ. ಲೆಕ್ಕ ತಪ್ಪಿದ್ದಿಲ್ಲ. ಹೊಸಬರು ಯಾರಾದರೂ "ಅದ್ಯಾಕ್ರಿ ಅಕ್ಕಾರ, ಪ್ರತಿಸಲ ನೂರೈವತ್ತು ತಗೀತೀರಿ?" ಎಂದು ಕೇಳಿದರೆ, ಚಾಚಿಯ ಯಂತ್ರದ ಸದ್ದು ನಿಲ್ಲುತ್ತದೆ. ಪ್ಯಾಕಿಂಗಿನದು ಎಂದು ಹೇಳುತ್ತೇನೆ.